ಮೇಡಂ ಬರೆಯೋದು ಯಾವಾಗ?

ಹುಣಸೂರು: ಬೆಳಿಗ್ಗೆ ಮೈಸೂರಿನಿಂದ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಹೆಚ್.ಡಿ. ಕೋಟೆ ಕಡೆ ಹೊರಡುವ ಬಸ್ಸುಗಳಲ್ಲಿ ಕಾಲೇಜಿನ ಕನ್ನಡ ಮೇಡಂಗಳು ಇದ್ದೇ ಇರ್ತಾರೆ. ಕೂಸನ್ನು ಅತ್ತೆಯ ಕೈಗೋ ಅಮ್ಮನ ಕೈಗೋ ಕೊಟ್ಟು ಬಂದವರು. ತರಗತಿಯಲ್ಲಿ ಪಂಪ, ಕುಮಾರವ್ಯಾಸ. ಸಂಜೆ ಮನೆಗೆ ಬಂದರೆ ಒಲೆ, ಮಗುವಿನ ಹೋಂವರ್ಕು, ರಾತ್ರಿ ಉತ್ತರಪತ್ರಿಕೆ. ಇನ್ನು ಕತೆ, ಕವಿತೆ ಬರೆಯೋದು ಯಾವಾಗ?

ಪ್ರಶ್ನೆ ಹೊಸದಲ್ಲ. ಮೈಸೂರಿನ ತ್ರಿವೇಣಿಯವರನ್ನೇ ನೋಡಿ. ದೊಡ್ಡಪ್ಪ ಬಿ.ಎಂ.ಶ್ರೀ., ಪತಿ ಎಸ್.ಎನ್. ಶಂಕರ್, ಇಬ್ಬರೂ ಇಂಗ್ಲಿಷ್ ಮೇಷ್ಟ್ರು. ಅನಾರೋಗ್ಯದ ನಡುವೆಯೇ ಹತ್ತು ವರ್ಷದಲ್ಲಿ ಸುಮಾರು 20 ಕಾದಂಬರಿ ಬರೆದರು. 1963ರಲ್ಲಿ ತಾಯಿಯಾದರು. ಹೆರಿಗೆಯಾದ ಹತ್ತೇ ದಿನಕ್ಕೆ, 35 ತುಂಬುವ ಮೊದಲೇ ತೀರಿಕೊಂಡರು.

ಬಾಣಂತನದಲ್ಲಿ ಬುದ್ಧಿಭ್ರಮಣೆಯಾದ ಹೆಂಗಸು ವಾಸಿಯಾಗಿ ಮನೆಗೆ ಬಂದರೂ ಮನೆಯವರು ನಂಬದೇ ಹೋದ ಕತೆ ಅವರ ‘ಶರಪಂಜರ’. ಅದನ್ನು 1971ರಲ್ಲಿ ತೆರೆಗೆ ತಂದವರು ನಮ್ಮ ಪಿರಿಯಾಪಟ್ಟಣ ತಾಲ್ಲೂಕು ಕಣಗಾಲಿನ ಪುಟ್ಟಣ್ಣನವರು. ಕಲ್ಪನಾ ಪಾತ್ರ ನೋಡಿ ಸೆರಗಲ್ಲಿ ಕಣ್ಣೊರೆಸಿಕೊಂಡವರು ಎಷ್ಟೋ ಮಂದಿ. ಆದರೆ ತಮ್ಮ ಮನೆಯ ಬಾಣಂತಿಯ ಮನಸ್ಸು ಹೇಗಿದೆ ಅಂತ ಕೇಳಿದವರು ಎಷ್ಟು ಜನ?

2021ರಲ್ಲಿ ರಾಜ್ಯ ಸರ್ಕಾರ ತನ್ನ ಮಹಿಳಾ ನೌಕರರಿಗೆ 180 ದಿನದವರೆಗೆ ಶಿಶುಪಾಲನಾ ರಜೆ ಕೊಟ್ಟಿತು. ಕಾಯಂ ಮೇಡಂಗಳಿಗೆ ಅಷ್ಟಾದರೂ ಉಂಟು. ಅತಿಥಿ ಉಪನ್ಯಾಸಕಿಯರಿಗೆ ಕೆಲಸವೇ ಖಾತ್ರಿಯಿಲ್ಲ.

ರಜೆಯೇನೋ ಸರ್ಕಾರ ಕೊಟ್ಟೀತು. ದಿನಕ್ಕೊಂದು ಗಂಟೆ ಬಾಗಿಲು ಹಾಕಿಕೊಂಡು ಬರೆಯಲು ಬಿಡಬೇಕಾದವರು ಮನೆಯವರೇ. ಅಷ್ಟು ಹೊತ್ತು ಯಜಮಾನರು ಮಗು ಎತ್ತಿಕೊಂಡರೆ ಗಂಟೇನೂ ಹೋಗಲ್ಲ!