ಊರಿಲ್ಲದ ಊರಿಗೆ ಇಬ್ಬರು ಎಂ.ಪಿ.

ಕಳೆದ ಲೋಕಸಭಾ ಚುನಾವಣೆಯ ದಿನ ನಾನು ಧಾರವಾಡದ ರೂಮಿನಲ್ಲೇ ಉಳಿದುಬಿಟ್ಟೆ. ಊರಿಗೆ ಹೋಗಿ ಬರಲು ಬಸ್ಸಿಗೆ ಸಾವಿರ ರೂಪಾಯಿ, ಮೇಲೆ ಎರಡು ದಿನದ ಓದು ಹಾಳು. ‘ನನ್ನೊಬ್ಬನ ವೋಟಿನಿಂದ ಏನಾಗುತ್ತೆ’ ಎಂದು ನನಗೆ ನಾನೇ ಹೇಳಿಕೊಂಡೆ. ಸಂಜೆ ಅಪ್ಪ ಫೋನ್ ಮಾಡಿದರು. ‘ಲಿಸ್ಟಿನ್ಯಾಗ ನಿನ್ನ ಹೆಸರು ಇತ್ತಪಾ, ನೀನ ಇರಲಿಲ್ಲ’ ಅಂದರು. ಬೈಯಲಿಲ್ಲ. ಬೈದಿದ್ದರೆ ಅಂದೇ ಮರೆತುಹೋಗುತ್ತಿತ್ತೋ ಏನೋ.

ಆ ಮಾತು ಮತ್ತೆ ನೆನಪಾದದ್ದು ಪರೀಕ್ಷೆಗೆ ಇತಿಹಾಸ ಓದುವಾಗ. ನೋಟ್ಸ್‌ನಲ್ಲಿ ‘1832ರ ಸುಧಾರಣಾ ಕಾಯ್ದೆ: ಇಂಗ್ಲೆಂಡಿನ ಕೊಳೆತ ಕ್ಷೇತ್ರಗಳು ರದ್ದು’ ಎಂದು ಒಂದೇ ಸಾಲು ಇತ್ತು. ತರಕಾರಿ ಕೊಳೆಯುವುದು ಗೊತ್ತು, ಮತಕ್ಷೇತ್ರ ಕೊಳೆಯುವುದು ಹೇಗೆ? ಕುತೂಹಲದಿಂದ ಹುಡುಕುತ್ತಾ ಹೋದೆ. ಸಿಕ್ಕಿದ್ದು ಓಲ್ಡ್ ಸೇರಂ.

ದಕ್ಷಿಣ ಇಂಗ್ಲೆಂಡಿನ ವಿಲ್ಟ್‌ಶೈರ್‌ನಲ್ಲಿ, ಸಾಲ್ಸ್‌ಬರಿ ನಗರದ ಪಕ್ಕದಲ್ಲೇ ಒಂದು ಗುಡ್ಡವಿದೆ. ಅದೇ ಓಲ್ಡ್ ಸೇರಂ. ಒಂದು ಕಾಲದಲ್ಲಿ ಅಲ್ಲಿ ಕೋಟೆ ಇತ್ತು, ದೊಡ್ಡ ಚರ್ಚ್ ಇತ್ತು, ಜನವಸತಿ ಇತ್ತು. ಆದರೆ ಗುಡ್ಡದ ಮೇಲೆ ನೀರಿನ ತಾಪತ್ರಯ. ಸಾಲದ್ದಕ್ಕೆ ಕೋಟೆಯ ಸೈನಿಕರಿಗೂ ಚರ್ಚಿನವರಿಗೂ ಜಗಳ. 1220ರಲ್ಲಿ ಕೆಳಗಿನ ಬಯಲಿನಲ್ಲಿ ಹೊಸ ಚರ್ಚ್ ಕಟ್ಟಲು ಶುರುಮಾಡಿದರು. ಜನ ಅದರ ಹಿಂದೆಯೇ ಇಳಿದುಹೋದರು. ಹಳೆಯ ಚರ್ಚಿನ ಕಲ್ಲುಗಳೂ ಹೋದವು. ಕೊನೆಗೆ ಗುಡ್ಡದ ಮೇಲೆ ಉಳಿದದ್ದು ಹುಲ್ಲು, ಪಾಳುಗೋಡೆ ಮತ್ತು ಸಂಸತ್ತಿಗೆ ಇಬ್ಬರು ಸದಸ್ಯರನ್ನು ಕಳಿಸುವ ಹಕ್ಕು.

ಜನರಿಲ್ಲದ ಮೇಲೆ ವೋಟು ಹಾಕುವವರು ಯಾರು? ಅಲ್ಲಿ ಮತದ ಹಕ್ಕು ಕೆಲವು ಹಳೆಯ ನಿವೇಶನಗಳಿಗೆ ಅಂಟಿಕೊಂಡಿತ್ತು. ನಿವೇಶನ ಯಾರದೋ ವೋಟು ಅವರದು. ಜಮೀನನ್ನೆಲ್ಲ ಒಬ್ಬ ಧಣಿ ಕೊಂಡರೆ, ತನಗೆ ಬೇಕಾದ ಕೆಲವರ ಹೆಸರಿಗೆ ಅದನ್ನು ಹಂಚಿ ‘ಮತದಾರ’ರನ್ನು ಸೃಷ್ಟಿಸಬಹುದಿತ್ತು. ಚುನಾವಣೆಯ ದಿನ ಅವರು ಹೊಲದಲ್ಲಿದ್ದ ಒಂದು ಎಲ್ಮ್ ಮರದ ಕೆಳಗೆ ಸೇರುತ್ತಿದ್ದರು. ಧಣಿ ಹೇಳಿದ ಹೆಸರು ಗೆಲ್ಲುತ್ತಿತ್ತು. 1831ರಲ್ಲಿ ಅಲ್ಲಿದ್ದ ಮತದಾರರು 11 ಮಂದಿ. ಅವರಲ್ಲಿ ಒಬ್ಬರೂ ಅಲ್ಲಿ ವಾಸವಿರಲಿಲ್ಲ.

ಈ ಕ್ಷೇತ್ರವನ್ನು ಕೊಂಡವರಲ್ಲಿ ಒಬ್ಬನ ನಂಟು ನಮ್ಮ ದಕ್ಷಿಣ ಭಾರತಕ್ಕಿದೆ. ಅವನ ಹೆಸರು ಥಾಮಸ್ ಪಿಟ್. ಈಸ್ಟ್ ಇಂಡಿಯಾ ಕಂಪನಿಯ ಏಕಸ್ವಾಮ್ಯಕ್ಕೆ ಸಡ್ಡುಹೊಡೆದು ಭಾರತದಲ್ಲಿ ವ್ಯಾಪಾರ ಮಾಡಿ ದುಡ್ಡು ಗಳಿಸಿದವನು. 1691ರಲ್ಲಿ ಓಲ್ಡ್ ಸೇರಂ ಕೊಂಡ. ಮುಂದೆ ಅದೇ ಕಂಪನಿ ಅವನನ್ನು ಮದ್ರಾಸಿನ ಗವರ್ನರ್ ಮಾಡಿತು! ಅಲ್ಲಿದ್ದಾಗ ಗೋಲ್ಕೊಂಡಾ ಸೀಮೆಯ ದೊಡ್ಡ ವಜ್ರವೊಂದನ್ನು ಕೊಂಡು, 1717ರಲ್ಲಿ ಫ್ರಾನ್ಸಿನ ರಾಜಪ್ರತಿನಿಧಿಗೆ ಮಾರಿದ. ಅದು ಈಗ ಪ್ಯಾರಿಸ್ಸಿನ ಲೂವ್ರ್ ಮ್ಯೂಸಿಯಂನಲ್ಲಿದೆ. ಅವನ ಮೊಮ್ಮಗ ವಿಲಿಯಂ ಪಿಟ್ 1735ರಲ್ಲಿ ಸಂಸತ್ತು ಪ್ರವೇಶಿಸಿದ್ದು ಇದೇ ಹುಲ್ಲುಗುಡ್ಡದಿಂದ. ಮುಂದೆ ಪ್ರಧಾನಿಯೂ ಆದ. ಇಂಥ ಕ್ಷೇತ್ರಗಳು ಸಂವಿಧಾನದ ಕೊಳೆತ ಭಾಗ ಎಂದು ಸಂಸತ್ತಿನಲ್ಲಿ ಹೇಳಿದವನೂ ಅವನೇ. 19ನೇ ಶತಮಾನದ ಆರಂಭದಲ್ಲಿ ಓಲ್ಡ್ ಸೇರಂ ಮತ್ತೆ ಮಾರಾಟವಾಯಿತು, 60 ಸಾವಿರ ಪೌಂಡಿಗೆ. ಅಷ್ಟು ಬೆಲೆ ಬಂದದ್ದು ಹುಲ್ಲಿಗಲ್ಲ, ಎರಡು ಸೀಟಿಗೆ.

ಅದೇ ಹೊತ್ತಿಗೆ ಹತ್ತಿ ಗಿರಣಿಗಳ ಮ್ಯಾಂಚೆಸ್ಟರ್ ಲಕ್ಷ ಜನಸಂಖ್ಯೆ ದಾಟುತ್ತಿತ್ತು. ಅದಕ್ಕೆ ಸ್ವಂತ ಸಂಸದ ಒಬ್ಬನೂ ಇರಲಿಲ್ಲ. 1819ರ ಆಗಸ್ಟ್ 16ರಂದು ಪ್ರಾತಿನಿಧ್ಯ ಕೇಳಲು ಸುಮಾರು 60 ಸಾವಿರ ಜನ ಅಲ್ಲಿನ ಸೇಂಟ್ ಪೀಟರ್ಸ್ ಮೈದಾನದಲ್ಲಿ ಸೇರಿದರು. ಅವರ ಮೇಲೆ ಕುದುರೆ ಸವಾರರನ್ನು ಕತ್ತಿ ಸಮೇತ ನುಗ್ಗಿಸಿದರು. ಹದಿನೈದರಷ್ಟು ಜನ ಸತ್ತರು, ನೂರಾರು ಜನ ಗಾಯಗೊಂಡರು. ಪೀಟರ್‌ಲೂ ಹತ್ಯಾಕಾಂಡ ಎಂದರೆ ಇದೇ.

ಹನ್ನೆರಡು ವರ್ಷ ಕಳೆದು, 1831ರ ಮಾರ್ಚ್‌ನಲ್ಲಿ, ಸುಧಾರಣಾ ಮಸೂದೆ ಕಾಮನ್ಸ್ ಸಭೆಯಲ್ಲಿ ಎರಡನೇ ವಾಚನಕ್ಕೆ ಬಂತು. ಪರವಾಗಿ 302, ವಿರುದ್ಧ 301. ಒಂದೇ ಒಂದು ಮತ! ಇದನ್ನು ಓದಿದಾಗ ನಾನು ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ.

ಅಲ್ಲಿಗೇ ಕೆಲಸ ಮುಗಿಯಲಿಲ್ಲ. ಆ ಮಸೂದೆ ಮುಂದೆ ಸಿಕ್ಕಿಹಾಕಿಕೊಂಡು ಹೊಸ ಚುನಾವಣೆಯೇ ನಡೆಯಿತು. ಎರಡನೇ ಮಸೂದೆಯನ್ನು ಲಾರ್ಡ್ಸ್ ಸಭೆ ತಿರಸ್ಕರಿಸಿತು. ಬ್ರಿಸ್ಟಲ್ ಹೊತ್ತಿ ಉರಿಯಿತು. ಕೊನೆಗೆ 1832ರ ಜೂನ್‌ನಲ್ಲಿ ಕಾಯ್ದೆ ಬಂತು. ಓಲ್ಡ್ ಸೇರಂ ಸೇರಿ 56 ಕ್ಷೇತ್ರಗಳು ಪ್ರಾತಿನಿಧ್ಯ ಕಳೆದುಕೊಂಡವು. ಮ್ಯಾಂಚೆಸ್ಟರ್‌ಗೆ ಎರಡು ಸೀಟು ಸಿಕ್ಕವು. ಹಾಗಿದ್ದರೂ ಕೂಲಿಕಾರರಿಗೆ, ಹೆಂಗಸರಿಗೆ ವೋಟು ಬರಲಿಲ್ಲ. ಗುಪ್ತ ಮತದಾನ ಬಂದದ್ದೇ 1872ರಲ್ಲಿ. ಗಂಡಸರಿಗೆ ಸಮನಾದ ಮತದ ಹಕ್ಕು ಹೆಂಗಸರಿಗೆ ಸಿಕ್ಕಿದ್ದು 1928ರಲ್ಲಿ.

ಭಾರತದಲ್ಲಿ 1951–52ರ ಮೊದಲ ಮಹಾಚುನಾವಣೆಯಲ್ಲೇ 21 ತುಂಬಿದ ಎಲ್ಲರಿಗೂ ವೋಟು. 61ನೇ ತಿದ್ದುಪಡಿಯಿಂದ ಆ ವಯಸ್ಸು 18ಕ್ಕೆ ಇಳಿಯಿತು. ಅದಕ್ಕೇ ಇರಬೇಕು, ನನ್ನಂಥವನಿಗೆ ಅದು ಸಾವಿರ ರೂಪಾಯಿಗೂ ಕಡಿಮೆ ಎನಿಸಿತು. ಅರವತ್ತು ಸಾವಿರ ಪೌಂಡ್ ಕೊಟ್ಟವನಿಗೆ ವೋಟಿನ ಬೆಲೆ ಗೊತ್ತಿತ್ತು. ಕತ್ತಿಯ ಏಟು ತಿಂದವರಿಗೂ ಗೊತ್ತಿತ್ತು.

ಓಲ್ಡ್ ಸೇರಂನ ಆ ಹನ್ನೊಂದು ಮಂದಿ ತಾವಿಲ್ಲದ ಊರಿನ ಮತದಾರರಾಗಿದ್ದರು. ಯೋಚಿಸಿದರೆ ನಾನೂ ಹಾಗೆಯೇ. ಹೆಸರು ಊರಿನಲ್ಲಿ, ಬದುಕು ಧಾರವಾಡದಲ್ಲಿ. ಅವರಾದರೂ ಮರದ ಕೆಳಗೆ ಬಂದು ವೋಟು ಹಾಕಿ ಹೋಗುತ್ತಿದ್ದರು.

ಹೋದ ವಾರ ನಮೂನೆ 8 ತುಂಬಿ, ಹೆಸರನ್ನು ಇಲ್ಲಿನ ವಿಳಾಸಕ್ಕೆ ಬದಲಾಯಿಸಲು ಅರ್ಜಿ ಹಾಕಿದೆ. ಇಲ್ಲಿ ನಲ್ಲಿಗೆ ನೀರು ಯಾವಾಗ ಬರುತ್ತದೆ, ಗ್ರಂಥಾಲಯ ಎಷ್ಟು ಗಂಟೆಗೆ ಮುಚ್ಚುತ್ತದೆ ಎಂಬುದೆಲ್ಲ ಈಗ ನನ್ನದೇ ಚಿಂತೆ. ಅಪ್ಪನಿಗೆ ಫೋನ್ ಮಾಡಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಎಲ್ಲ್ಯರ ಇರ್ಲಿ, ಹೆಸರಿದ್ದಲ್ಲೆ ನೀನೂ ಇರು’ ಅಂದರು.