ಸೆನ್ಸರ್ ಬದಲಿಸುವ ಮುನ್ನ ಸಿಗ್ನಲ್ ಹುಡುಕಿ

ಕಾರು ಓಡುತ್ತಿರುವಾಗಲೇ ಸ್ಪೀಡೋಮೀಟರಿನ ಮುಳ್ಳು ಸೊನ್ನೆಗೆ ಬೀಳುತ್ತದೆ, ಕಿಲೋಮೀಟರ್ ಲೆಕ್ಕ ನಿಲ್ಲುತ್ತದೆ, ಎಂಜಿನ್ ದೀಪ ಹೊತ್ತಿಕೊಳ್ಳುತ್ತದೆ. ಗ್ಯಾರೇಜಿನಲ್ಲಿ ಸ್ಕ್ಯಾನರ್ ಹಾಕಿದರೆ ಪಿ0500 ಎಂಬ ಕೋಡ್ ಸಿಗುತ್ತದೆ. ಸ್ಪೀಡ್ ಸೆನ್ಸರ್ ಹೋಗಿದೆ, ಹೊಸದು ಹಾಕಬೇಕು ಎಂಬ ತೀರ್ಪು ಬಹಳ ಸಲ ಅಲ್ಲೇ ಹೊರಬೀಳುತ್ತದೆ. ಆದರೆ ಕೋಡ್ ಅಷ್ಟೆಲ್ಲ ಹೇಳಿರುವುದಿಲ್ಲ. ಎಂಜಿನ್ ಹೊರೆ ಹೊತ್ತು ತಿರುಗುತ್ತಿದೆ, ಆದರೂ ಕಾರಿನ ವೇಗ ಸೊನ್ನೆ ಎಂದೇ ತೋರುತ್ತಿದೆ, ಇವೆರಡೂ ತಾಳೆಯಾಗುತ್ತಿಲ್ಲ ಎಂಬುದಷ್ಟೇ ಎಂಜಿನ್ನಿನ ಕಂಪ್ಯೂಟರ್ ಅಂದರೆ ಇಸಿಯು ಗುರುತಿಸಿರುವ ಸಂಗತಿ. ಕಾಗದ ಕೈಸೇರಲಿಲ್ಲ ಎಂದಮಾತ್ರಕ್ಕೆ ಬರೆಯುವವರು ಬರೆಯಲೇ ಇಲ್ಲ ಎನ್ನಲಾಗದು. ದಾರಿಯಲ್ಲಿ ಎಲ್ಲಿ ಬೇಕಾದರೂ ಅದು ಕಳೆದಿರಬಹುದು.

ಆ ದಾರಿಯನ್ನು ತಿಳಿಯಲು ಗೇರ್‌ಬಾಕ್ಸಿನ ಮೇಲೆ ಕೂರುವ, ಕಾಂತಕ್ಷೇತ್ರದ ಬದಲಾವಣೆಯನ್ನು ಗುರುತಿಸುವ, ಮೂರು ವೈರಿನ ಹಾಲ್ ಸೆನ್ಸರ್ ಒಳ್ಳೆಯ ಉದಾಹರಣೆ. ಒಂದು ವೈರಿನಲ್ಲಿ ವಿದ್ಯುತ್ ಬರುತ್ತದೆ, ಇನ್ನೊಂದು ಅರ್ತ್, ಮೂರನೆಯದು ಸಿಗ್ನಲ್. ಜಪಾನಿನ ಮಾನಕದಂತೆ ತಯಾರಾದ ಕಾರುಗಳಲ್ಲಿ ಗಂಟೆಗೆ 60 ಕಿ.ಮೀ. ವೇಗವಿದ್ದಾಗ ಸ್ಪೀಡೋಮೀಟರಿನ ದಂಡ ನಿಮಿಷಕ್ಕೆ 637 ಸುತ್ತು ತಿರುಗುತ್ತದೆ. ದಂಡದ ಒಂದು ಸುತ್ತಿಗೆ ಸೆನ್ಸರಿನಿಂದ ನಾಲ್ಕು ಮಿಡಿತ (ಪಲ್ಸ್) ಎಂದರೆ ಕಿಲೋಮೀಟರಿಗೆ 2548 ಮಿಡಿತ. ಇಂಥ ಬಹುಪಾಲು ಸೆನ್ಸರ್‌ಗಳು ಈ ಮಿಡಿತದ ವೋಲ್ಟೇಜನ್ನು ತಾವೇ ಹುಟ್ಟಿಸುವುದಿಲ್ಲ ಎಂಬುದನ್ನು ಮುಖ್ಯವಾಗಿ ಗಮನಿಸಬೇಕು. ಮೀಟರ್ ಅಥವಾ ಇಸಿಯು ಸಿಗ್ನಲ್ ವೈರಿನ ಮೇಲೆ ಸಾಮಾನ್ಯವಾಗಿ 5 ವೋಲ್ಟ್ ಇಟ್ಟಿರುತ್ತದೆ. ಸೆನ್ಸರ್ ಅದನ್ನು ಅರ್ತ್‌ಗೆ ಎಳೆದು ಬಿಡುತ್ತ, ಎಳೆದು ಬಿಡುತ್ತ ಹೋಗುತ್ತದೆ. ಹಾಗಾಗಿ ಕಪ್ಲರ್ ಬಿಚ್ಚಿ, ಕೀ ಆನ್ ಮಾಡಿ, ವೈರಿಂಗ್ ಕಡೆಯ ತುದಿಯನ್ನು ಮಲ್ಟಿಮೀಟರಿನಿಂದ ನೋಡಿದರೆ ಅರ್ಧ ವಿಷಯ ಗೊತ್ತಾಗುತ್ತದೆ. ವಿದ್ಯುತ್, ಅರ್ತ್, ಆ 5 ವೋಲ್ಟ್, ಈ ಮೂರರಲ್ಲಿ ಒಂದು ಇಲ್ಲದಿದ್ದರೂ ದೋಷ ಸೆನ್ಸರಿಗಿಂತ ಆಚೆ ಇದೆ. ಮೂರೂ ಸರಿಯಿದ್ದರೆ ಕಪ್ಲರ್ ಮತ್ತೆ ಜೋಡಿಸಿ, ಕಾರನ್ನು ಜ್ಯಾಕ್ ಸ್ಟ್ಯಾಂಡಿನ ಮೇಲೆ ಭದ್ರವಾಗಿ ನಿಲ್ಲಿಸಿ, ನ್ಯೂಟ್ರಲ್‌ನಲ್ಲಿ ಮುಂದಿನ ಚಕ್ರಗಳನ್ನು ಕೈಯಿಂದ ನಿಧಾನವಾಗಿ ತಿರುಗಿಸಬೇಕು. ಸಿಗ್ನಲ್ ವೈರಿನಲ್ಲಿ ವೋಲ್ಟೇಜ್ ಸೊನ್ನೆಗೂ ಐದಕ್ಕೂ ನಡುವೆ ಏರಿಳಿದರೆ ಸೆನ್ಸರ್ ಕೆಲಸ ಮಾಡುತ್ತಿದೆ. ಏರಿಳಿಯದಿದ್ದರೆ ಮಾತ್ರ ಅದರ ಮೇಲೆ, ಅಥವಾ ಅದನ್ನು ತಿರುಗಿಸುವ ಪ್ಲಾಸ್ಟಿಕ್ ಗೇರಿನ ಮೇಲೆ, ಅನುಮಾನ ಪಡಬಹುದು.

5 ವೋಲ್ಟ್ ಸಿಗದ ಕಾರುಗಳಲ್ಲಿ ಹುಡುಕಾಟ ದೊಡ್ಡದಾಗುತ್ತದೆ. ಒಂದೇ ಸಿಗ್ನಲ್ಲನ್ನು ಮೀಟರ್, ಇಸಿಯು, ಪವರ್ ಸ್ಟೀರಿಂಗ್, ಕೆಲವೆಡೆ ಆಡಿಯೋ ಕೂಡ ಹಂಚಿಕೊಂಡಿರುತ್ತವೆ. ಆಮೇಲೆ ಹಾಕಿಸಿದ ಸ್ಪೀಡ್ ಗವರ್ನರ್ ಅಥವಾ ಸ್ಟೀರಿಯೋ ಅದೇ ವೈರನ್ನು ಸೀಳಿ ಸೇರಿಕೊಂಡಿರಬಹುದು. ಇವುಗಳಲ್ಲಿ ಒಂದು ಒಳಗೆ ಅರ್ತ್ ಆದರೂ ಎಲ್ಲರ ಸಿಗ್ನಲ್ಲೂ ಸಾಯುತ್ತದೆ. ಒಂದೊಂದನ್ನೇ ಬಿಚ್ಚುತ್ತ ಹೋಗಬೇಕು. ಯಾವುದನ್ನು ಬಿಚ್ಚಿದಾಗ ವೋಲ್ಟೇಜ್ ಮರಳಿತೋ ಅಲ್ಲೇ ತಪ್ಪು. ಅಂಥ ಕಾರಿಗೆ ಎಷ್ಟು ಸೆನ್ಸರ್ ಹಾಕಿದರೂ ಮುಳ್ಳು ಏಳುವುದಿಲ್ಲ.

ಇಷ್ಟೆಲ್ಲ ಪರೀಕ್ಷೆಯ ಕೂಲಿಗಿಂತ ಸೆನ್ಸರೇ ಅಗ್ಗ, ಬದಲಿಸಿ ನೋಡುವುದೇ ಮೇಲು ಎಂಬ ವಾದವಿದೆ. ಬದಲಿಸಿದ ಮೇಲೆ ಎಷ್ಟೋ ಕಾರುಗಳು ಸರಿಹೋಗುತ್ತವೆ ಎಂಬುದೂ ನಿಜ. ಆದರೆ ಆ ನಿಜವನ್ನು ಇನ್ನಷ್ಟು ಕೆದಕಬೇಕು. ಸೆನ್ಸರ್ ಬದಲಿಸುವವರು ಕಪ್ಲರನ್ನು ಎಳೆದು ಮತ್ತೆ ಒತ್ತುತ್ತಾರೆ. ಪಿನ್ನುಗಳ ಮೇಲೆ ಕಟ್ಟಿದ ಹಸಿರು ಕಿಲುಬು ಅಷ್ಟರಲ್ಲೇ ಉಜ್ಜಿಹೋಗಿ ಸಂಪರ್ಕ ಮರಳಬಹುದು. ಶ್ರೇಯಸ್ಸು ಹೊಸ ಸೆನ್ಸರಿಗೆ ಸಲ್ಲುತ್ತದೆ. ಒಂದು ಮಳೆಗಾಲ ಕಳೆದ ಮೇಲೆ ಅದೇ ಕೋಡ್ ಮತ್ತೆ ಬರಬಹುದು. ಬದಲಿಸಿದೆವು, ಸರಿಹೋಯಿತು ಎಂಬುದು ನನ್ನ ದೃಷ್ಟಿಯಲ್ಲಿ ಸೆನ್ಸರ್ ಕೆಟ್ಟಿತ್ತು ಎಂಬುದಕ್ಕೆ ಸಾಕ್ಷಿಯೇ ಅಲ್ಲ. ಹಳೆಯದನ್ನು ಮತ್ತೆ ಜೋಡಿಸಿದಾಗ ದೋಷ ಮರಳಿದರೆ ಮಾತ್ರ ಸಾಕ್ಷಿ.

ಈಗಿನ ಅನೇಕ ಕಾರುಗಳಲ್ಲಿ ಇಂಥ ಪ್ರತ್ಯೇಕ ಸೆನ್ಸರೇ ಇಲ್ಲವಲ್ಲ ಎಂದೂ ಕೇಳಬಹುದು. ಹೌದು, ಎಬಿಎಸ್ ಘಟಕವೇ ನಾಲ್ಕು ಚಕ್ರಗಳ ಸೆನ್ಸರ್‌ಗಳಿಂದ ವೇಗ ಲೆಕ್ಕಹಾಕಿ ಕ್ಯಾನ್ ಎಂಬ ಸಂವಹನ ಜಾಲದ ಮೂಲಕ ಉಳಿದವಕ್ಕೆ ತಿಳಿಸುತ್ತದೆ. ಆಗಂತೂ ಊಹೆಯ ಬೆಲೆ ಹೆಚ್ಚು, ಏಕೆಂದರೆ ಸಿಗ್ನಲ್ ತಪ್ಪಬಹುದಾದ ಜಾಗಗಳೇ ಹೆಚ್ಚು. ಸ್ಕ್ಯಾನರಿನ ಲೈವ್ ಡೇಟಾದಲ್ಲಿ ನಾಲ್ಕೂ ವೇಗಗಳನ್ನು ಪಕ್ಕಪಕ್ಕದಲ್ಲಿಟ್ಟು, ನೇರ ರಸ್ತೆಯಲ್ಲಿ ನಿಧಾನವಾಗಿ ಓಡಿಸಿದರೆ ಯಾವ ಚಕ್ರ ಸುಳ್ಳು ಹೇಳುತ್ತಿದೆ ಎಂದು ತಿಳಿಯುತ್ತದೆ. ಅಲ್ಲೂ ಸೆನ್ಸರಿನ ತುದಿಗೆ ಅಂಟಿದ ಕಬ್ಬಿಣದ ಪುಡಿ, ಬೇರಿಂಗಿನ ಕಾಂತೀಯ ಉಂಗುರದ ಬಿರುಕು, ಬೇರಿಂಗನ್ನೇ ತಿರುಗುಮುರುಗಾಗಿ ಕೂರಿಸಿರುವುದು, ಇವನ್ನೆಲ್ಲ ಮೊದಲು ನೋಡಬೇಕು. ಎಲ್ಲೋ ಒಮ್ಮೊಮ್ಮೆ ತಲೆದೋರುವ ದೋಷಕ್ಕೆ ಮಲ್ಟಿಮೀಟರ್ ಸಾಲದು. ಅದು ವೇಗದ ಮಿಡಿತಗಳ ಸರಾಸರಿಯನ್ನಷ್ಟೇ ತೋರಿಸುತ್ತದೆ. ತಪ್ಪಿದ ಮಿಡಿತ ಆಸಿಲೋಸ್ಕೋಪಿನಲ್ಲಿ ಕಾಣುತ್ತದೆ.

ಮುಳ್ಳು ಬಿದ್ದರೆ ಹೋಗಲಿ ಬಿಡು ಎನ್ನುವಂತಿಲ್ಲ. ಗೇರ್ ಬದಲಿಸುವ ಆಟೋಮ್ಯಾಟಿಕ್ ಪೆಟ್ಟಿಗೆ, ಸ್ಟೀರಿಂಗಿನ ಬಿಗಿ, ದೇಶದ ಹೊಸ ಕಾರುಗಳಲ್ಲಿ 2019ರ ಜುಲೈಯಿಂದ ಕಡ್ಡಾಯವಾಗಿರುವ, 80 ಕಿ.ಮೀ. ದಾಟಿದಾಗಿನ ಎಚ್ಚರಿಕೆಯ ಸದ್ದು, ಎಲ್ಲವೂ ಇದೇ ವೇಗದ ಮಾಹಿತಿಯನ್ನು ನಂಬಿವೆ. ಆದ್ದರಿಂದ ಗ್ಯಾರೇಜಿನವರು ಹೊಸ ಸೆನ್ಸರ್ ಹಾಕೋಣವೇ ಎಂದು ಕೇಳಿದಾಗ ಒಪ್ಪಿಗೆ ಕೊಡುವ ಮೊದಲು ವಿದ್ಯುತ್, ಅರ್ತ್, ಸಿಗ್ನಲ್ ಎಷ್ಟೆಷ್ಟು ವೋಲ್ಟ್ ತೋರಿಸಿದವು ಎಂದು ಕೇಳಿ. ಅಳತೆ ಮಾಡಿದ್ದಕ್ಕೆ ಕೂಲಿ ಕೇಳಿದರೆ ಮನಸಾರೆ ಕೊಡಿ.