ಹಾವಿಗೊಂದು ಬೆಚ್ಚನೆಯ ಮನೆ

ನಾನು ಧಾರವಾಡದವ. ಕೋಥರೂಡಿನ ಫ್ಲ್ಯಾಟಿನಲ್ಲಿ ಆರಡಿ ಹಾವಿಗೆ ಮನೆ ಕಟ್ಟುವ ಕಾಲ ಬಂದೀತೆಂದು ಕನಸಿನಲ್ಲೂ ಎಣಿಸಿರಲಿಲ್ಲ. ಮಗ ಸಾಕಿದ್ದ ಬೋವಾ ಅದು. ಕೆಲಸ ಸಿಕ್ಕು ಅವನು ಬೆಂಗಳೂರಿಗೆ ಹೋದ, ಹಾವು ನಮ್ಮ ಪಾಲಿಗೆ ಉಳಿಯಿತು.

ಮೊದಲೇ ಒಂದು ಮಾತು. ನಮ್ಮ ನಾಡಿನ ಹೆಬ್ಬಾವನ್ನು ಮನೆಯಲ್ಲಿಡುವುದು 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಅಪರಾಧ. ಬೋವಾ ಅಮೆರಿಕ ಖಂಡದ ಹಾವು. ಅದನ್ನೂ 2024ರ ನಿಯಮದಂತೆ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಾಯಿಸಬೇಕು. ನಮ್ಮದು ನೋಂದಣಿಯಾಗಿದೆ.

ಮಗನ ಗಾಜಿನ ತೊಟ್ಟಿ ಚಿಕ್ಕದಾಗಿತ್ತು. "ಅಲ್ರೀ, ಪಂಚಮಿ ಬಂದ್ರ ಉಂಡಿ ಕಟ್ಟು ಅಂತೀರಿ. ಈ ಹಾವಿಗೆ ಒಂದು ಛಲೋ ಪೆಟ್ಟಿಗಿ ಕಟ್ಟಾಕ ಆಗೂದಿಲ್ಲೇನು?" ಎಂದಳು ಹೆಂಡತಿ. ಹಳೆಯ ಕಪಾಟಿನ ಪ್ಲೈವುಡ್ ಜೋಡಿಸಿ ಒಂದು ಪೆಟ್ಟಿಗೆ ಮಾಡಿದೆ, ಒಳಗೊಂದು ಬಲ್ಬು ಹಾಕಿದೆ. ಸಂದುಗಳನ್ನು ಮುಚ್ಚಲಿಲ್ಲ. ನೀರಿನ ಬೋಗುಣಿ ಚೆಲ್ಲಿ ಹಲಗೆ ಉಬ್ಬಿತು, ಮೂಲೆಯಲ್ಲಿ ಬೂಸ್ಟು ಬಂತು. ಡಿಸೆಂಬರಿನಲ್ಲಿ ಹಾವು ಬಾಯಿ ತೆರೆದು ಗೊರಗೊರ ಉಸಿರಾಡತೊಡಗಿತು. ಪಶುವೈದ್ಯರು ಶ್ವಾಸಕೋಶದ ಸೋಂಕು ಎಂದರು. "ಔಷಧ ನಾನು ಕೊಡ್ತೀನಿ, ಥಂಡಿ ಮತ್ತು ತೇವ ನೀವು ನಿಲ್ಲಿಸಿ" ಎಂದರು. ತಪ್ಪು ನನ್ನದೇ.

ಹಾವಿನ ಮೈಗೆ ತಾನೇ ಬಿಸಿ ಹುಟ್ಟಿಸಿಕೊಳ್ಳಲು ಬಾರದು. ಹೊರಗಿನ ಶಾಖವಿಲ್ಲದಿದ್ದರೆ ನುಂಗಿದ್ದು ಜೀರ್ಣವಾಗುವುದಿಲ್ಲ, ರೋಗ ತಡೆಯುವ ಶಕ್ತಿಯೂ ಕುಗ್ಗುತ್ತದೆ.

ಭವಾನಿ ಪೇಠದ ಟಿಂಬರ್ ಮಾರ್ಕೆಟ್ಟಿನಿಂದ ಮರೈನ್ ಪ್ಲೈ ತಂದೆ. ಆರಡಿ ಉದ್ದ, ಎರಡಡಿ ಅಗಲ, ಎರಡಡಿ ಎತ್ತರ. ಒಳಗೆಲ್ಲ ನೀರಿನ ಆಧಾರದ ಪಾಲಿಯುರಿಥೇನ್ ಮೂರು ಕೈ ಬಳಿದೆ, ಪ್ರತಿ ಕೈ ಒಣಗಿದ ಮೇಲೆ ಮುಂದಿನದು. ಕತ್ತರಿಸಿದ ಅಂಚುಗಳೇ ಹೆಚ್ಚು ನೀರು ಕುಡಿಯುವುದರಿಂದ ಅಲ್ಲಿಗೆ ಇನ್ನೊಂದು ಕೈ. ಸಂದುಗಳಿಗೆ ಮೀನಿನ ತೊಟ್ಟಿಗೆ ಬಳಸುವ ಸಿಲಿಕೋನ್. ಅದರ ಹುಳಿ ವಾಸನೆ ಪೂರ್ತಿ ಹೋಗುವವರೆಗೆ ಎರಡು ವಾರ ಬಾಗಿಲು ತೆರೆದಿಟ್ಟೆ. ಗಾಳಿಗೆ ಒಂದು ಬದಿಯಲ್ಲಿ ಕೆಳಗೆ, ಇನ್ನೊಂದು ಬದಿಯಲ್ಲಿ ಮೇಲೆ ರಂಧ್ರಗಳು.

ಬಲ್ಬಿನ ಬದಲು ಬೆಳಕಿಲ್ಲದ ಸೆರಾಮಿಕ್ ಹೀಟರ್ ಹಾಕಿದೆ. ಅದರ ಸುತ್ತ ಕಬ್ಬಿಣದ ಜಾಲರಿ, ಇಲ್ಲದಿದ್ದರೆ ಹಾವು ಸುತ್ತಿಕೊಂಡು ಸುಟ್ಟುಕೊಳ್ಳುತ್ತದೆ. ಥರ್ಮೋಸ್ಟಾಟ್ ಇಲ್ಲದೆ ಹೀಟರ್ ಹಚ್ಚಲೇಬಾರದು. ಒಂದು ತುದಿ 31–32 ಡಿಗ್ರಿ, ಇನ್ನೊಂದು 26ರ ಹತ್ತಿರ. ಎಲ್ಲಿ ಮಲಗಬೇಕೆಂದು ಹಾವೇ ಆರಿಸಿಕೊಳ್ಳುತ್ತದೆ.

ಜನವರಿಯ ಒಂದು ರಾತ್ರಿ ಎರಡು ಗಂಟೆಗೆ ಕರೆಂಟು ಹೋಯಿತು. ಪೆಟ್ಟಿಗೆಗೆ ರಜಾಯಿ ಹೊದಿಸಿ, ಬಿಸಿನೀರಿನ ಬಾಟಲಿಗಳನ್ನು ಟವೆಲಿನಲ್ಲಿ ಸುತ್ತಿ ಒಳಗಿಟ್ಟೆವು. ಬೆಳಗಿನವರೆಗೂ 25ಕ್ಕಿಂತ ಕೆಳಗಿಳಿಯಲಿಲ್ಲ. ಉಬ್ಬಸ ಮರುಕಳಿಸಲಿಲ್ಲ.

ಬೋವಾ ಇಪ್ಪತ್ತು ವರ್ಷಕ್ಕೂ ಹೆಚ್ಚು ಬದುಕಬಲ್ಲದು. ಇದಕ್ಕೀಗ ಆರು, ನನಗೆ 58. ಮಗನಿಗೆ ಫೋನಿನಲ್ಲಿ ಹೇಳಿದೆ: "ಪೆಟ್ಟಿಗಿ ಗಟ್ಟಿ ಐತಿ. ಆದ್ರ ದೊಡ್ಡ ಮನಿ ನೋಡಪಾ, ಒಂದಿನ ಅಲ್ಲಿಗೇ ಬರ್ತದ."